ತಲೆಮಾರು ಸಲೂನಿನ ಮಹಾಸಂಶೋಧನೆ

“ಅಳೆಯದೆ ಬಟ್ಟೆ ಕೊಂಡವನಲ್ಲ, ತೂಗದೆ ಮಾತಾಡಿದವನಲ್ಲ! ಇನ್ನು ನೋಡದೆ, ವಿಚಾರಿಸದೆ ಒಂದು ವ್ಯಾಪಾರಕ್ಕೆ ಕೈ ಹಾಕ್ತೀನಾ? ನನ್ನನ್ನ ಯಾರು ಅಂದ್ಕೊಂಡಿದೀಯ?”

ಹೀಗೆಂದು ತಕ್ಕಡಿರಾಯರು ಎಡಗೈ ಮೇಲೆತ್ತಿ ಗರ್ಜಿಸಿದರು. ಬಲಗೈ ಊಟದ ತಟ್ಟೆಯಲ್ಲಿತ್ತು, ಇಲ್ಲದಿದ್ದರೆ ಎರಡನ್ನೂ ಎತ್ತುತ್ತಿದ್ದರು.

“ನಾನೇನೂ ಅಂದ್ಕೊಂಡಿಲ್ಲಪ್ಪ. ಕುಡಿಯೋಕೆ ನೀರು ಬೇಕಾ ಅಂತ ಕೇಳಿದೆ, ಅಷ್ಟೆ,” ಎಂದರು ಹೆಂಡತಿ.

ತಕ್ಕಡಿರಾಯರು ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಪೇಟೆಯ ವ್ಯಾಪಾರಿಗಳು ಹೊಟ್ಟೆಯುರಿಯಿಂದ ಇಟ್ಟದ್ದು. ಅಳತೆ ಮತ್ತು ತೂಕದ ಇಲಾಖೆಯಲ್ಲಿ ಅವರು ಇನ್‌ಸ್ಪೆಕ್ಟರು. ಅಂಗಡಿ ಅಂಗಡಿಗೂ ಹೋಗಿ, ತಕ್ಕಡಿಯ ಮುಳ್ಳು ನೆಟ್ಟಗಿದೆಯೇ, ತೂಕದ ಕಲ್ಲಿನ ಅಡಿಯನ್ನು ಕೊರೆದು ಹಗುರ ಮಾಡಿದ್ದಾರೆಯೇ ಎಂದು ನೋಡಿ ಮುದ್ರೆ ಒತ್ತುವುದು ಅವರ ಕೆಲಸ. ತಟ್ಟೆಯ ಕೆಳಗೆ ಅಯಸ್ಕಾಂತ ಅಂಟಿಸಿದ್ದ ಈರುಳ್ಳಿ ವ್ಯಾಪಾರಿಯೊಬ್ಬನನ್ನು ಬರೀ ಮುಖ ನೋಡಿ ಹಿಡಿದವರು ಅವರು! ಆ ಕತೆಯನ್ನು ಮನೆಗೆ ಬಂದವರಿಗೆಲ್ಲ ಹೇಳಿದ್ದಾರೆ. ಬರದವರಿಗೆ ಫೋನು ಮಾಡಿ ಹೇಳಿದ್ದಾರೆ.

ಇಂಥವರಿಗೆ ಈಗ ಊರವರ ತಕ್ಕಡಿ ನೋಡಿ ನೋಡಿ ಸಾಕಾಗಿತ್ತು. ಸ್ವಂತದ್ದೊಂದು ಗಲ್ಲಾಪೆಟ್ಟಿಗೆಯ ಹಿಂದೆ ಕೂರಬೇಕೆಂಬ ಆಸೆ ಹುಟ್ಟಿತ್ತು. ಆಗ ಕಣ್ಣಿಗೆ ಬಿದ್ದದ್ದು ‘ತಲೆಮಾರು ಸಲೂನ್’ ಕಂಪನಿಯ ಜಾಹೀರಾತು. ‘ಫ್ರಾಂಚೈಸಿ ಕೊಡುತ್ತೇವೆ. ಹೆಸರು ನಮ್ಮದು, ಕತ್ತರಿ ನಮ್ಮದು, ಲಾಭ ನಿಮ್ಮದು!’ ಬಂಡವಾಳ ಮಾತ್ರ ಯಾರದು ಎಂದು ಅದರಲ್ಲಿ ಹಾಕಿರಲಿಲ್ಲ. ಹಾಕದೆಯೇ ಎಲ್ಲರಿಗೂ ಗೊತ್ತಾಗುವ ಸಂಗತಿ ಅದು.

ಬಂಡವಾಳಕ್ಕೆ ಅವರ ಬಳಿ ಇದ್ದದ್ದು ಒಂದೇ ಆಸ್ತಿ: ಗಂಡ ಹೆಂಡತಿ ಇಬ್ಬರೂ ಸಂಬಳ ಉಳಿಸಿ ಉಳಿಸಿ ಕೊಂಡಿದ್ದ ಮೂಲೆಯ ಸೈಟು. ಅದರ ಮೇಲೆ ಇನ್ನೂ ಇಟ್ಟಿಗೆ ಬಿದ್ದಿರಲಿಲ್ಲ. ಆದರೆ ಹೆಂಡತಿಯ ತಲೆಯೊಳಗೆ ಮನೆ ಎಂದೋ ಕಟ್ಟಿ ಮುಗಿದಿತ್ತು. ಅದರಲ್ಲಿ ಪೂರ್ವಕ್ಕೆ ದೊಡ್ಡ ಕಿಟಕಿ ಇರುವ ಅಡುಗೆಮನೆ. ಈಗಿರುವ ಬಾಡಿಗೆ ಮನೆಯ ಅಡುಗೆಮನೆ ಎಂಥದ್ದೆಂದರೆ, ಫ್ರಿಜ್ಜಿನ ಬಾಗಿಲು ತೆಗೆಯಬೇಕಾದರೆ ಒಳಗಿರುವವರು ಹೊರಗೆ ಬರಬೇಕು. ಆಸ್ಪತ್ರೆಯಲ್ಲಿ ದಿನವಿಡೀ ನರ್ಸ್ ಕೆಲಸ ಮಾಡಿ ಬಂದು, ಆ ಕಿಷ್ಕಿಂಧೆಯಲ್ಲಿ ನಿಂತು ಬೇಯಿಸುವಾಗಲೆಲ್ಲ ಆಕೆ ಇನ್ನೂ ಹುಟ್ಟದ ಆ ಕಿಟಕಿಯಿಂದ ಗಾಳಿ ಕುಡಿಯುತ್ತಿದ್ದರು.

“ಸೈಟು ಇಬ್ಬರ ಹೆಸರಲ್ಲಿದೆ. ಮಾರೋಕೆ ನನ್ನ ಸಹಿ ಬೇಕು ಅಲ್ವಾ?” ಎಂದರು ಆಕೆ.

“ಬೇಕು.”

“ಹಾಕ್ತೀನಿ. ನಿಮ್ಮ ಆಸೆಗೆ ಅಡ್ಡ ಬರಲ್ಲ. ಆದ್ರೆ ಮೊದಲು ಹೋಗಿ ಕಣ್ಣಾರೆ ನೋಡ್ಕೊಂಡು ಬನ್ನಿ. ನಮ್ಮ ವಾರ್ಡಲ್ಲಿ ದೊಡ್ಡ ಡಾಕ್ಟ್ರು ಹೇಳ್ತಾರೆ, ಮೊದಲು ರೋಗಿ ಮುಖ ನೋಡು, ಆಮೇಲೆ ರಿಪೋರ್ಟ್ ನೋಡು ಅಂತ.”

“ನನಗೇ ನೋಡೋದು ಹೇಳಿಕೊಡ್ತೀಯ? ಈರುಳ್ಳಿಯವನ ಅಯಸ್ಕಾಂತವನ್ನ...”

“ಗೊತ್ತು ಗೊತ್ತು, ಮುಖ ನೋಡಿ ಹಿಡಿದ್ರಿ.”

ಕಂಪನಿಯ ಪ್ರತಿನಿಧಿ ಟೈ ಕಟ್ಟಿದ ಯುವಕ. ಅವನ ಮಾತು ಕೇಳಿ ತಕ್ಕಡಿರಾಯರಿಗೆ ಕಣ್ಣು ತುಂಬಿ ಬರುವುದೊಂದು ಬಾಕಿ. ಅಷ್ಟು ಪ್ರಾಮಾಣಿಕತೆ!

“ಸಾರ್, ನನ್ನ ಮಾತು ನಂಬಲೇಬೇಡಿ,” ಎಂದ ಅವನು. “ನಾನು ಮಾರೋಕೆ ಬಂದವನು, ಹೊಗಳೇ ಹೊಗಳ್ತೀನಿ. ನೀವೇ ನಮ್ಮ ಬ್ರಾಂಚಿಗೆ ಹೋಗಿ. ಒಂದು ದಿನ ಅಲ್ಲ, ದಿನಾ ಹೋಗಿ. ಕೂತ್ಕೊಂಡು ಜನ ಎಷ್ಟು ಬರ್ತಾರೆ ನೋಡಿ. ಆದ್ರೆ ಒಂದು ಮಾತು. ಫ್ರಾಂಚೈಸಿ ತಗೊಳ್ಳೋಕೆ ಬಂದವನು ಅಂತ ಯಾರಿಗೂ ಬಾಯಿ ಬಿಡಬೇಡಿ. ಬಿಟ್ರೆ ನಿಜ ಹೊರಗೆ ಬರಲ್ಲ. ಗಿರಾಕಿ ಥರಾನೇ ಹೋಗಿ.”

“ನೋಡಿದ್ಯಾ? ಕಳ್ಳನಾದವನು ಹೀಗೆ ಹೇಳ್ತಾನಾ?” ಎಂದರು ರಾಯರು ಮನೆಗೆ ಬಂದು.

ಮರುದಿನವೇ ಸಂಶೋಧನೆಯ ಶುಭಾರಂಭ!

ಗಾಜಿನ ಬಾಗಿಲು ತಳ್ಳಿ ಒಳಗೆ ಕಾಲಿಟ್ಟ ತಕ್ಕಡಿರಾಯರು ಕಾಲಿಟ್ಟಲ್ಲೇ ನಿಂತರು. ಅಬ್ಬಾ! ಅದು ಕ್ಷೌರದ ಅಂಗಡಿಯೋ ಅರಮನೆಯೋ? ಎದುರಿಗೆ ಕನ್ನಡಿ, ಹಿಂದೆಯೂ ಕನ್ನಡಿ. ಕುರ್ಚಿಯಲ್ಲಿ ಕೂತರೆ ಒಬ್ಬ ತಕ್ಕಡಿರಾಯರ ಹಿಂದೆ ಇನ್ನೊಬ್ಬ, ಅವರ ಹಿಂದೆ ಮತ್ತೊಬ್ಬ, ಹೀಗೆ ಕಣ್ಣು ಹಾಯುವಷ್ಟು ದೂರ ತಕ್ಕಡಿರಾಯರೇ! ಜೀವಮಾನದಲ್ಲಿ ತಮ್ಮ ಬೆನ್ನನ್ನು ಅವರು ಅಷ್ಟು ವಿವರವಾಗಿ ನೋಡಿಕೊಂಡಿರಲಿಲ್ಲ. ಕುರ್ಚಿಯೋ, ಒಂದು ಗುಂಡಿ ಒತ್ತಿದರೆ ಮೇಲೆ, ಇನ್ನೊಂದು ಒತ್ತಿದರೆ ಕೆಳಗೆ, ಮೂರನೆಯದು ಒತ್ತಿದರೆ ತಾಯಿ ತೊಟ್ಟಿಲು ತೂಗಿದ ಹಾಗೆ! ಬಿಸಿ ಟವೆಲನ್ನು ಮುಖಕ್ಕೆ ಹಾಕಿದಾಗ ಅವರ ಬಾಯಿಂದ “ಹಾ...” ಎಂದು ಹೊರಟ ಉದ್ಗಾರ ಕೊನೆಯ ಕನ್ನಡಿಯ ಕೊನೆಯ ತಕ್ಕಡಿರಾಯರಿಗೂ ಕೇಳಿಸಿರಬೇಕು.

ಇಷ್ಟಾದರೂ ಅವರು ಕರ್ತವ್ಯ ಮರೆಯಲಿಲ್ಲ. ಟವೆಲಿನ ಸಂದಿಯಿಂದ ಒಂದು ಕಣ್ಣು ತೆರೆದು ಬೆಂಚಿನ ಕಡೆ ನೋಡಿದರು. ಬೆಂಚು ತುಂಬಿತ್ತು! ಗೋಡೆಗೆ ಒರಗಿ ನಿಂತವರೂ ಇದ್ದರು. ನೆಲದ ಕಡೆ ನೋಡಿದರು. ಕನ್ನಡಿಯಂಥ ನೆಲ, ಒಂದೇ ಒಂದು ಕೂದಲಿಲ್ಲ!

“ಎಂಥಾ ಶುಚಿ ಅಂತೀಯ!” ಎಂದು ಆ ಸಂಜೆ ಹೆಂಡತಿಗೆ ವರ್ಣಿಸಿದರು. “ಅಷ್ಟು ಜನ ಬಂದು ಹೋದ್ರೂ ನೆಲದ ಮೇಲೆ ಒಂದು ಎಳೆ ಕೂದಲು ಕಾಣಲ್ಲ. ಆಪರೇಷನ್ ಥಿಯೇಟರ್ ಕಣೇ ಅದು!”

“ಆಪರೇಷನ್ ಆದ ಮೇಲೆ ಥಿಯೇಟರಲ್ಲಿ ರಕ್ತ ಇದ್ದೇ ಇರುತ್ತೆ ರೀ,” ಎಂದರು ಹೆಂಡತಿ, ಈರುಳ್ಳಿ ಹೆಚ್ಚುತ್ತಾ. ರಾಯರಿಗೆ ಆ ಮಾತು ಹೊಟ್ಟೆಕಿಚ್ಚಿನದ್ದಾಗಿ ಕೇಳಿಸಿತು.

ಒಂದು ದಿನ ನೋಡಿ ತೀರ್ಮಾನಿಸುವುದು ಶಾಸ್ತ್ರವಲ್ಲ. ಅವರು ಆಫೀಸಿಗೆ ಹೋಗುವ ಮುಂಚೆ ಹೋದರು, ಆಫೀಸು ಬಿಟ್ಟ ಮೇಲೆ ಹೋದರು, ಆಫೀಸಿನ ಮಧ್ಯದಲ್ಲೂ ಹೋದರು. ತೊಡಕು ಒಂದೇ: ಅಲ್ಲಿ ಸುಮ್ಮನೆ ಕೂರುವ ಹಾಗಿಲ್ಲ. ಕೂತವರು ಏನಾದರೂ ಒಂದು ಮಾಡಿಸಿಕೊಳ್ಳಲೇಬೇಕು. ಮೊದಲ ಸಲ ಕೂದಲು ಕತ್ತರಿಸಿದ್ದಾಯಿತು. ಎರಡನೇ ಸಲ ಕತ್ತರಿಸಿದ್ದನ್ನು ಸಣ್ಣ ಮಾಡಿಸಿದ್ದಾಯಿತು. ಮುಂದಿನ ಸಲ ಸಣ್ಣ ಮಾಡಿಸಿದ್ದನ್ನು ನುಣ್ಣಗೆ ಮಾಡಿಸಿದ್ದಾಯಿತು. ಆಮೇಲೆ ತಲೆಯ ಮೇಲೆ ಏನೂ ಉಳಿಯದ ಕಾರಣ ಎಣ್ಣೆ ಹಚ್ಚಿ ತಿಕ್ಕಿಸಿದ್ದೇ ತಿಕ್ಕಿಸಿದ್ದು. ಬಿಸಿಲಿಗೆ ಹೊರಟರೆ ಎದುರಿಗೆ ಬರುವ ಸೈಕಲ್ಲಿನವರು ಕಣ್ಣು ಕಿರಿದು ಮಾಡಿಕೊಂಡು ಪಕ್ಕಕ್ಕೆ ಸರಿಯುವಷ್ಟು ಹೊಳಪು ಬಂತು.

“ಇದೇನ್ರೀ ಅವತಾರ?” ಎಂದು ಹೆಂಡತಿ ಬೆಚ್ಚಿದರು.

“ಸಂಶೋಧನೆಗೆ ತ್ಯಾಗ ಬೇಕು ಕಣೇ!”

“ತ್ಯಾಗ ಮಾಡೋಕೆ ಇನ್ನು ಹುಬ್ಬು ಮಾತ್ರ ಉಳಿದಿದೆ. ಅದನ್ನಾದ್ರೂ ನನ್ನ ಕೇಳಿ ಮಾಡಿ.”

ಹುಬ್ಬಿಗೆ ಕೈ ಹಾಕುವ ಬದಲು ತಕ್ಕಡಿರಾಯರು ಮಾವನವರಿಗೆ ಕೈ ಹಾಕಿದರು. ಮಾವನವರು ಮಗಳ ಮನೆಯಲ್ಲೇ ಇದ್ದರು. ನಿವೃತ್ತ ಬ್ಯಾಂಡ್ ಮಾಸ್ಟರು. ಅವರ ಮೀಸೆ ಬೀದಿಗೆಲ್ಲ ಹೆಸರುವಾಸಿ. ಕಿವಿಯ ತನಕ ಹೋಗಿ, ಅಲ್ಲಿಂದ ಮೇಲಕ್ಕೆ ತಿರುಗಿ, ಇನ್ನೇನು ಹಾರಿಬಿಡುತ್ತದೆ ಎನ್ನುವ ಹಾಗೆ ನಿಂತಿದ್ದ ಮೀಸೆ. ತುತ್ತೂರಿ ಊದುವಾಗ ಎದುರಿಗಿರುವವರಿಗೆ ತುತ್ತೂರಿ ಕಾಣದೆ ಮೀಸೆಯೇ ನುಡಿದ ಹಾಗೆ ತೋರುತ್ತಿತ್ತಂತೆ.

“ಮಾವ, ನೀವು ಸುಮ್ನೆ ಹೋಗಿ ಕೂತು, ಜನ ಎಷ್ಟಿದ್ದಾರೆ ನೋಡ್ಕೊಂಡು ಬನ್ನಿ, ಸಾಕು.”

“ಅದಕ್ಕೇನು ಅಳಿಯಂದಿರೇ, ಈಗಲೇ ಹೊರಟೆ!”

ರಾಯರು ಅವರನ್ನು ಸಲೂನಿನ ಬಾಗಿಲಲ್ಲಿ ಬಿಟ್ಟು ಬಂದರು. ಹೋದವರು ಹೊತ್ತು ಮುಳುಗುವ ತನಕ ಬರಲಿಲ್ಲ. ಬಂದಾಗ ಬಾಗಿಲು ತೆಗೆದ ಮಗಳು, “ಯಾರು ಬೇಕಿತ್ತು?” ಎಂದು ಕೇಳಿದರು. ಬಂದಾತ, “ನಾನೇ ಕಣಮ್ಮ, ನಿಮ್ಮಪ್ಪ,” ಎಂದಾಗ ದನಿಯಿಂದ ಗುರುತು ಹಿಡಿದು ಬಾಗಿಲಿಗೆ ಆತುಕೊಂಡರು. ಮೀಸೆಯಿರಲಿಲ್ಲ! ಮೀಸೆಯಿದ್ದ ಜಾಗ, ಬಹಳ ಕಾಲದ ಮೇಲೆ ಬೀರು ಸರಿಸಿದ ಗೋಡೆಯ ಹಾಗೆ ಬೆಳ್ಳಗೆ ಕಾಣುತ್ತಿತ್ತು.

“ಅಪ್ಪಾ! ಏನಾಯ್ತು?”

“ಬಿಸಿ ಟವೆಲ್ ಹಾಕಿದ್ರು ನೋಡು, ನಿದ್ದೆ ಬಂತು. ‘ಇದನ್ನೂ ತೆಗೀಲಾ?’ ಅಂತ ಕನಸಲ್ಲಿ ಯಾರೋ ಕೇಳಿದ ಹಾಗಾಯ್ತು. ಹೂಂ ಅಂದೆ.” ಮುದುಕರ ಮುಖದಲ್ಲಿ ದುಃಖಕ್ಕಿಂತ ಪರಮಾನಂದವೇ ಹೆಚ್ಚಿತ್ತು. “ಮೀಸೆ ಹೋದ್ರೆ ಹೋಗ್ಲಿ ಬಿಡಮ್ಮ. ಎಂಥಾ ನಿದ್ದೆ! ಆ ಕುರ್ಚಿ ಮಾಡಿದವನ ಹೊಟ್ಟೆ ತಣ್ಣಗಿರ್ಲಿ!”

ಮಗಳು ಗಂಡನ ಕಡೆ ತಿರುಗಿದರು. ಆ ನೋಟವನ್ನು ತೂಗುವ ಕಲ್ಲು ಇಲಾಖೆಯಲ್ಲಿ ಇರಲಿಲ್ಲ.

ಅಷ್ಟರಲ್ಲಿ, ಸೈಟು ಮಾರಿಸಿಕೊಡಲು ರಾಯರು ಗೊತ್ತು ಮಾಡಿದ್ದ ದಲ್ಲಾಳಿ ಫೋನು ಮಾಡಿದ. ಸೈಟಿಗೆ ಒಬ್ಬ ಒಳ್ಳೆಯ ಗಿರಾಕಿ ಸಿಕ್ಕಿದ್ದಾನೆ, ಭಾನುವಾರ ಬೆಳಿಗ್ಗೆ ಮುಂಗಡ ಹಿಡಿದುಕೊಂಡೇ ಬರುತ್ತಾನೆ, ಗಂಡ ಹೆಂಡತಿ ಇಬ್ಬರೂ ಸಹಿಗೆ ಸಿದ್ಧವಿರಬೇಕು ಎಂದ. ಆ ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಗೋಡೆಯ ಕಡೆ, ಕಿಟಕಿಯಿಲ್ಲದ ಗೋಡೆಯ ಕಡೆ, ಸ್ವಲ್ಪ ಹೊತ್ತು ನೋಡಿದರು.

ಶನಿವಾರ ಸಂಜೆ ತಕ್ಕಡಿರಾಯರು ಅಂತಿಮ ವರದಿ ಒಪ್ಪಿಸಿದರು. ಅದಕ್ಕೋಸ್ಕರ ಕುರ್ಚಿಯಿಂದ ಎದ್ದೇ ನಿಂತರು.

“ಕೇಳು. ಬೆಂಚು ಯಾವತ್ತೂ ಖಾಲಿ ಇಲ್ಲ. ಬಂದವರೇ ಬರ್ತಾರೆ, ದಿನಾ ಬರ್ತಾರೆ. ಒಬ್ಬರ ಮುಖದಲ್ಲೂ ಬೇಜಾರಿಲ್ಲ, ಎಲ್ಲರೂ ಸುತ್ತಮುತ್ತ ಕಣ್ಣರಳಿಸಿ ನೋಡ್ತಾ ಕೂತಿರ್ತಾರೆ. ಆದ್ರೆ ನಾನು ಬೆರಗಾಗಿದ್ದು ಅದಕ್ಕಲ್ಲ ಕಣೇ. ನಿಷ್ಠೆ! ಗಿರಾಕಿಗಳ ನಿಷ್ಠೆ! ಕೂದಲಿರೋರು ಸಲೂನಿಗೆ ಬರೋದು ಯಾವ ದೊಡ್ಡ ಮಾತು? ಇಲ್ಲಿ ತಲೇಲಿ ಒಂದು ಎಳೆ ಇಲ್ಲದೋರೂ ಬಂದು ಸಾಲಲ್ಲಿ ಕಾಯ್ತಾರೆ! ಬೆಂಚಲ್ಲಿ ಅರ್ಧಕ್ಕರ್ಧ ಬೋಳುತಲೆ! ಇಂಥಾ ವ್ಯಾಪಾರ ಇನ್ನೆಲ್ಲಿದೆ ತೋರಿಸು!”

ಹೆಂಡತಿ ಬಟ್ಟೆ ಮಡಿಸುತ್ತಿದ್ದವರು ಕೈ ನಿಲ್ಲಿಸಿದರು.

“ಬೋಳುತಲೆಯೋರು ಸಲೂನಲ್ಲಿ ಏನು ಮಾಡ್ತಾರೆ?”

“ಅದೇ ನಾನು ಹೇಳ್ತಿರೋದು! ಆ ಸೇವೆ ಹಾಗಿದೆ!”

“ಅಲ್ಲ, ನೀವು ಏನು ಮಾಡ್ತೀರ ಅಲ್ಲಿ, ಬೋಳುತಲೆ ಇಟ್ಕೊಂಡು?”

“ನಾನಾ? ನಾನು ಸಂಶೋಧನೆ...”

ಹೆಂಡತಿ ಆಗಲೇ ಚಪ್ಪಲಿ ಮೆಟ್ಟಿದ್ದರು. ರಾಯರೂ ಹಿಂದೆಯೇ ಓಡಿದರು.

ಶನಿವಾರವಾದ್ದರಿಂದ ಸಲೂನು ತುಂಬಿ ತುಳುಕುತ್ತಿತ್ತು. ಗಾಜಿನ ಬಾಗಿಲು ತಳ್ಳಿ ಒಳಬಂದ ಆಕೆ ಕನ್ನಡಿ ನೋಡಲಿಲ್ಲ, ದೀಪ ನೋಡಲಿಲ್ಲ. ವಾರ್ಡಿನಲ್ಲಿ ಹಾಸಿಗೆ ಹಾಸಿಗೆಯನ್ನೂ ನೋಡಿಕೊಂಡು ಹೋಗುವ ಹಾಗೆ ಬೆಂಚಿನ ಈ ತುದಿಯಿಂದ ಆ ತುದಿಯವರೆಗೆ ಒಂದೊಂದೇ ತಲೆಯನ್ನು ನೋಡುತ್ತಾ ಹೋದರು. ಈಚೆ ತುದಿಯಲ್ಲಿ ಹೊಸಬರು, ತುಂಬು ಕೂದಲಿನವರು. ನಡುವೆ ಗಿಡ್ಡ ಕೂದಲು. ಆಚೆ ತುದಿಯಲ್ಲಿ ಮಿರಿಮಿರಿ ಮಿಂಚುವ ಹಿರಿಯರು. ಒಂದು ಕಾಯಿಲೆ ಹಂತ ಹಂತವಾಗಿ ಏರುವುದನ್ನು ಅಲ್ಲಿ ಕಣ್ಣಾರೆ ಕಾಣಬಹುದಿತ್ತು.

“ಅಣ್ಣಂದಿರಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ,” ಎಂದರು ಆಕೆ ಗಟ್ಟಿಯಾಗಿ. “ಇಲ್ಲಿ ಕ್ಷೌರಕ್ಕೆ ಅಂತ ಬಂದವರು ಯಾರಾದ್ರೂ ಇದ್ದೀರಾ?”

ಎಲ್ಲರೂ ನೆಲ ನೋಡತೊಡಗಿದರು. ಆ ಕನ್ನಡಿಯಂಥ ನೆಲದಲ್ಲಿ ಅವರಿಗೆ ಅವರ ತಲೆಗಳೇ ಕಂಡವು.

ಕೊನೆಗೆ ಆಚೆ ತುದಿಯ ಒಬ್ಬ ಹಿರಿಯರು ಕೆಮ್ಮಿದರು. “ನಾನು ಅಂಚೆ ಕಚೇರೀಲಿದ್ದೆ ತಾಯಿ. ಒಂದು ಬ್ರಾಂಚ್ ತಗೊಳ್ಳೋಣ ಅಂತ... ಸುಮ್ನೆ ಜನ ನೋಡೋಕೆ ಬಂದೆ.”

“ನೀವೂನಾ?” ಪಕ್ಕದವನು ಹೌಹಾರಿದ. “ನಾನು ನಿಮ್ಮನ್ನ ಖಾಯಂ ಗಿರಾಕಿ ಅಂತ ಎಣಿಸಿದ್ನಲ್ಲ!”

“ನಾನು ನಿಮ್ಮನ್ನ ಎಣಿಸಿದೆ!”

“ಥೂ, ನಾನು ನಿಮ್ಮಿಬ್ಬರನ್ನೂ ಎಣಿಸ್ಕೊಂಡು ಲಾರಿ ಮಾರೋಕೆ ಹೊರಟಿದ್ದೆ!” ಎಂದು ಗೋಡೆಗೆ ಒರಗಿದ್ದ ಡ್ರೈವರು ಹಣೆ ಚಚ್ಚಿಕೊಂಡ.

ಆಗ ಬಿಸಿ ಟವೆಲಿನ ಕೆಳಗಿನಿಂದ ಒಂದು ಕೈ ಮೇಲೆದ್ದಿತು. “ನಾನು ನಿಜವಾದ ಗಿರಾಕಿ ಕಣಮ್ಮ,” ಎಂದಿತು ಪರಿಚಿತ ದನಿ. “ನಾನು ನಿದ್ದೆಗೆ ಬಂದಿದೀನಿ.”

“ಅಪ್ಪಾ! ಏಳಿ ಮೇಲೆ!”

ಗಲಾಟೆ ಕೇಳಿ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಮಾಲೀಕ ಓಡಿ ಬಂದ. “ಅಮ್ಮಾ, ಕೈ ಮುಗೀತೀನಿ, ಮೆತ್ತಗೆ ಮಾತಾಡಿ! ಇವರೆಲ್ಲ ಎದ್ದು ಹೋದ್ರೆ ನನಗೆ ಗಿರಾಕಿಗಳೇ ಇಲ್ಲ!”

“ಒಬ್ಬನೂ ಬರಲ್ವಾ, ಸುಮ್ನೆ ಕ್ಷೌರ ಮಾಡಿಸ್ಕೊಳ್ಳೋಕೆ?”

“ಒಬ್ಬ ಬಂದಿದ್ದ,” ಎಂದ ಮಾಲೀಕ. “ಕೂರೋಕೆ ಜಾಗ ಇಲ್ಲ ಅಂತ ವಾಪಸ್ ಹೋದ.”

“ಹಾಗಾದ್ರೆ ನೀವು ಏನು ನೋಡಿ ಈ ಬ್ರಾಂಚ್ ತಗೊಂಡ್ರಿ?”

ಮಾಲೀಕ ತಲೆಯ ಮೇಲಿನ ಟೋಪಿ ತೆಗೆದ. ಒಳಗೆ ಈಗಷ್ಟೇ ಗರಿಕೆಯಂತೆ ಚಿಗುರುತ್ತಿದ್ದ ಕೂದಲು. “ಆಚೆ ಬ್ರಾಂಚಿನ ಬೆಂಚಲ್ಲಿ ಕೂತು ನೋಡ್ದೆ. ಅಬ್ಬಬ್ಬಾ, ಏನು ಜನ ಅಂತೀರಿ!”

ತಕ್ಕಡಿರಾಯರು ಗರಬಡಿದವರಂತೆ ನಿಂತರು. ನಾಚಿಕೆಯಾಗಬೇಕಿತ್ತು. ಸಿಟ್ಟೂ ಬರಬೇಕಿತ್ತು. ಆದರೆ ಅವರ ಎದೆಯಲ್ಲಿ ತುಂಬಿ ಬಂದದ್ದು ಬೆರಗು, ಬೆಟ್ಟದ ಬುಡದಲ್ಲಿ ನಿಂತು ತುದಿ ನೋಡಿದವನ ಬೆರಗು! ಗ್ರಾಮಿನಲ್ಲಿ ಮೋಸ ಮಾಡುವವರನ್ನು ಅವರು ಹಿಡಿದಿದ್ದರು, ಗುಲಗಂಜಿಯಲ್ಲಿ ಮೋಸ ಮಾಡುವವರನ್ನೂ ಹಿಡಿದಿದ್ದರು. ಇಲ್ಲಿ ನೋಡಿ, ಎಂಥಾ ತಕ್ಕಡಿ! ಮಾರುವವನು ತಟ್ಟೆಗೆ ಏನನ್ನೂ ಹಾಕಿಲ್ಲ. ಕೊಳ್ಳುವವರೇ ಬಂದು ಎರಡೂ ತಟ್ಟೆಯಲ್ಲಿ ಹತ್ತಿ ಕೂತು ಒಬ್ಬರನ್ನೊಬ್ಬರು ತೂಗಿಕೊಂಡು, “ಆಹಾ, ಎಷ್ಟು ಭಾರ!” ಎನ್ನುತ್ತಿದ್ದಾರೆ. ಮುಳ್ಳು ನೆಟ್ಟಗೇ ಇದೆ. ಯಾವ ಇನ್‌ಸ್ಪೆಕ್ಟರು ಏನು ಹಿಡಿದಾನು? ನೋಡಲು ಹೋದವನ ತಲೆಯನ್ನೇ ಬೋಳಿಸಿ, ಅದನ್ನೇ ಮುಂದೆ ಬರುವವನಿಗೆ ಸಾಕ್ಷಿಯಾಗಿ ಕೂರಿಸುವುದೆಂದರೆ! ಟೈ ಕಟ್ಟಿದ ಆ ಯುವಕ ಒಂದೇ ಒಂದು ಸುಳ್ಳು ಹೇಳಿರಲಿಲ್ಲ.

“ಸಾರ್,” ಮಾಲೀಕ ಅವರ ಕಿವಿಯ ಬಳಿ ಪಿಸುಗುಟ್ಟಿದ, “ಇಷ್ಟೆಲ್ಲಾ ಶ್ರದ್ಧೆಯಿಂದ ನೋಡಿದೀರ. ಈ ಬ್ರಾಂಚನ್ನೇ ತಗೊಂಡ್ಬಿಡಿ. ಕಡಿಮೆಗೆ ಕೊಡ್ತೀನಿ.”

“ಎಷ್ಟಕ್ಕೆ?” ಎಂದುಬಿಟ್ಟರು ತಕ್ಕಡಿರಾಯರು! ಹಾಳು ಬಾಯಿ!

ಹೆಂಡತಿ ಅವರ ತೋಳು ಹಿಡಿದು ಬೀದಿಗೆ ಎಳೆದರು. ಇನ್ನೊಂದು ಕೈಯಲ್ಲಿ ಅರೆನಿದ್ದೆಯ ಅಪ್ಪನ ತೋಳಿತ್ತು.

ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾದಾಗ ತಕ್ಕಡಿರಾಯರು ತಲೆಗೆ ಟವೆಲು ಸುತ್ತಿಕೊಂಡು ಕೂತಿದ್ದರು. ದಲ್ಲಾಳಿಗೆ ಬರಬೇಡವೆನ್ನಲು ಫೋನು ಮಾಡಿದ್ದರು, ಅವನು ಎತ್ತಿರಲಿಲ್ಲ. ಬಂದ ಸೈಟಿನ ಗಿರಾಕಿ ಗಟ್ಟಿಮುಟ್ಟಾದ ಆಸಾಮಿ. ಕಂಕುಳಲ್ಲಿ ಚರ್ಮದ ಚೀಲ, ಮುಖದ ತುಂಬ ಹುರುಪು.

“ಬನ್ನಿ, ಕೂತ್ಕೊಳ್ಳಿ. ಆದ್ರೆ ನಾವು ಸೈಟು ಮಾರೋದಿಲ್ಲ,” ಎಂದರು ಹೆಂಡತಿ ನೇರವಾಗಿ.

“ಅಯ್ಯೋ ಅಕ್ಕಾ, ಹಾಗನ್ನಬೇಡಿ! ಮೂಲೆ ಸೈಟು, ನನ್ನ ವ್ಯಾಪಾರಕ್ಕೆ ಹೇಳಿ ಮಾಡಿಸಿದ ಹಾಗಿದೆ. ಒಂದು ದೊಡ್ಡ ಕಂಪನಿಯ ಸಲೂನು ತೆಗೀತಿದೀನಿ!”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

“ವಿಚಾರಿಸಿದ್ರಾ?” ಎಂದು ತಕ್ಕಡಿರಾಯರು ಕೇಳಿದರು.

“ಏನಂದ್ರಿ! ವಿಚಾರಿಸದೆ ಕೈ ಹಾಕೋನಾ ನಾನು? ನಾನು ಅಂಗಡಿ ಒಳಗೇ ಹೋಗಿಲ್ಲ ಸಾರ್, ಒಳಗೆ ಹೋದ್ರೆ ಗುರುತು ಹಿಡೀತಾರೆ. ಎದುರು ರಸ್ತೇಲಿ ಕಾರೊಳಗೆ ಕೂತು ನೋಡ್ದೆ. ಜನವೋ ಜನ! ಆದ್ರೂ ನನ್ನ ಎದೆ ಡವಡವ ಅಂತಿತ್ತು. ಕೊನೆಗೆ ಧೈರ್ಯ ಬಂದಿದ್ದು ಒಬ್ಬ ಮಹಾನುಭಾವನನ್ನ ನೋಡಿ. ತಲೇಲಿ ಒಂದು ಕೂದಲಿಲ್ಲ ಸಾರ್, ತೊಳೆದಿಟ್ಟ ತಂಬಿಗೆ ಥರ! ಆದ್ರೂ ಬೆಳಿಗ್ಗೆ ಬರ್ತಾನೆ, ಮಧ್ಯಾಹ್ನ ಬರ್ತಾನೆ, ಸಂಜೆ ಬರ್ತಾನೆ! ಒಂದಿನ ಒಬ್ಬ ಮೀಸೆ ಮುದುಕರನ್ನೂ ಬಾಗಿಲ ತನಕ ತಂದು ಬಿಟ್ಟ! ಇಂಥಾ ಗಿರಾಕಿ ಇರೋ ವ್ಯಾಪಾರ ಮುಳುಗೋಕೆ ಸಾಧ್ಯಾನಾ? ಅವನೊಬ್ಬನನ್ನೇ ನಂಬ್ಕೊಂಡು ನಾನು ಈ ದುಡ್ಡು ತಂದಿದೀನಿ!”

ತಕ್ಕಡಿರಾಯರು ಮೆಲ್ಲಗೆ ಕೈಯೆತ್ತಿ ತಲೆಯ ಟವೆಲನ್ನು ಬಿಚ್ಚಿದರು.

ಬೆಳಗಿನ ಬಿಸಿಲು ಬಾಗಿಲಿನಿಂದ ನೇರವಾಗಿ ಬಂದು ಆ ತಲೆಯ ಮೇಲೆ ಬಿತ್ತು. ಬಂದವನು ಕೈ ಅಡ್ಡ ಹಿಡಿದುಕೊಂಡು ದಿಟ್ಟಿಸಿದ. ಬಾಯಿ ತೆರೆದ. ಚೀಲವನ್ನು ಎದೆಗೆ ಅವುಚಿಕೊಂಡು ಅರ್ಧ ಎದ್ದ.

“ನೀವು... ನೀವೇ ಅವರು!” ಎಂದ. ಗುಡಿಯಿಲ್ಲದ ಕಡೆ ದೇವರನ್ನು ಕಂಡವನ ದನಿ. “ಸಾರ್! ನಿಮ್ಮನ್ನ ನಂಬಿ ನಾನು...”

“ಏಳಬೇಡಿ ಅಣ್ಣಾ, ಕೂತ್ಕೊಳ್ಳಿ,” ಎಂದರು ಹೆಂಡತಿ, ಅವನ ಮುಂದೆ ನೀರಿನ ಲೋಟ ಇಡುತ್ತಾ. “ಇವರನ್ನ ನಂಬಿದವರ ಸಾಲಲ್ಲಿ ಮೊದಲನೆಯವಳು ನಾನು. ನೀವು ನನ್ನ ಹಿಂದೆ.”